ಯಂತ್ರ ಕೊಟ್ಟ ಹೆಸರು ಹೊಂದಲಿಲ್ಲ: ಹೃದಯ ಕವಾಟದ ಸೋಂಕಿನ ಒಂದು ಪ್ರಕರಣ ಅಧ್ಯಯನ

ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಜ್ವರ ಇರುವವರನ್ನು ನೋಡುವ ವೈದ್ಯರಿಗೆ, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡುವ ಲ್ಯಾಬ್ ಟೆಕ್ನೀಷಿಯನ್‌ಗಳಿಗೆ ಈ ಪ್ರಕರಣ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ರೋಗಿ ಮತ್ತು ಮನೆಯವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದ ಹಾಗೆ ಊರು, ವಯಸ್ಸು, ಕುಟುಂಬದ ವಿವರಗಳನ್ನು ಬದಲಾಯಿಸಿದ್ದೇನೆ. ಯಾವ ಹಂತದಲ್ಲಿ ಏನು ಗೊತ್ತಿತ್ತು, ಅದನ್ನು ನೋಡಿ ಯಾರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಅದೇ ಇಲ್ಲಿ ಮುಖ್ಯ.

ಹಿನ್ನೆಲೆ

ರೋಗಿಗೆ ನಲವತ್ತೈದರ ಆಸುಪಾಸು. ಮಧ್ಯ ಕರ್ನಾಟಕದ ಬಯಲುಸೀಮೆಯ ಹಳ್ಳಿಯವರು. ನಮ್ಮ ಆಸ್ಪತ್ರೆಗೆ ಬರುವ ಹೊತ್ತಿಗೆ ಜ್ವರ ಶುರುವಾಗಿ ಎಂಟು ತಿಂಗಳ ಮೇಲಾಗಿತ್ತು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿದ್ದರು. ಸಂಜೆಯಾದರೆ ಮೈ ಬಿಸಿ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಸೊಂಟ ನೋವು, ಕೀಲು ನೋವು. ಊಟ ಸೇರುತ್ತಿರಲಿಲ್ಲ. ಕೆಲವು ವಾರ ಜ್ವರ ಇರುತ್ತಿತ್ತು, ತಾನಾಗಿಯೇ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು.

ಮೊದಲು ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ವಿಡಾಲ್ ಪರೀಕ್ಷೆ ಆಯಿತು, ಟೈಫಾಯ್ಡ್ ಅಂದರು. ಇಂಜೆಕ್ಷನ್, ಮಾತ್ರೆ ನಡೆದವು. ಜ್ವರ ಇಳಿಯಿತು, ಮತ್ತೆ ಏರಿತು. ಟೈಫಾಯ್ಡ್ ಓಡಾಡುವ ನಮ್ಮಂಥ ಜಾಗದಲ್ಲಿ ಹಳೆಯ ಸೋಂಕಿನ ಆ್ಯಂಟಿಬಾಡಿ ಬಹಳ ಜನರ ರಕ್ತದಲ್ಲಿ ಇರುತ್ತದೆ. ಒಂದೇ ಒಂದು ವಿಡಾಲ್ ರಿಪೋರ್ಟು ನೋಡಿ ಏನನ್ನೂ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೂ ದೀರ್ಘ ಜ್ವರದ ರೋಗಿಗಳಲ್ಲಿ ಎಷ್ಟೋ ಜನ ಈ ಬಾಗಿಲಿನಿಂದಲೇ ಹಾದು ಬರುತ್ತಾರೆ.

ಸೊಂಟ ನೋವು ಜಾಸ್ತಿಯಾದಾಗ ಬೇರೊಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. ಸೊಂಟದ ಎರಡು ಮೂಳೆಗಳಲ್ಲಿ, ನಡುವಿನ ಡಿಸ್ಕಿನಲ್ಲಿ ಬದಲಾವಣೆ ಕಂಡಿತು. ಬೆನ್ನುಮೂಳೆಯ ಕ್ಷಯ ಅಂತ ತೀರ್ಮಾನವಾಯಿತು. ಸೂಜಿ ಹಾಕಿ ಮೂಳೆಯ ಮಾದರಿ ತೆಗೆಯಲಿಲ್ಲ, ಟಿಬಿ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಸಿಬಿನಾಟ್ ಪರೀಕ್ಷೆ ಆಗಲಿಲ್ಲ. ಚಿತ್ರ ನೋಡಿಯೇ ಟಿಬಿ ಮಾತ್ರೆ ಶುರುವಾದವು.

ಮಾತ್ರೆಯಿಂದ ಗುಣ ಕಂಡಿತು. ಕೆಲವೇ ವಾರಗಳಲ್ಲಿ ಜ್ವರ ಇಳಿಯಿತು, ಹಸಿವು ಬಂತು, ಸೊಂಟ ನೋವೂ ಕಡಿಮೆಯಾಯಿತು. ಮನೆಯವರಿಗೂ ವೈದ್ಯರಿಗೂ ಸಮಾಧಾನ. ಟಿಬಿನೇ ಅನ್ನುವುದಕ್ಕೆ ಇನ್ನೇನು ಬೇಕು?

ಇಡೀ ಪ್ರಕರಣದಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಗುಣವೇ. ಟಿಬಿ ಮಾತ್ರೆಗಳಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಕ್ಷಯದ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ ಔಷಧಿಯಲ್ಲ. ಬೇರೆ ಹಲವು ಸೋಂಕುಗಳೂ ಅದಕ್ಕೆ ಅರ್ಧಂಬರ್ಧ ಬಗ್ಗುತ್ತವೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಟಿಬಿ ಚಿಕಿತ್ಸೆಗೆ ಜ್ವರ ಇಳಿಯಿತು ಅನ್ನುವುದು ಟಿಬಿಗೆ ಸಾಕ್ಷಿ ಆಗುವುದಿಲ್ಲ. ಮಾದರಿ ತೆಗೆಯದೆ ಚಿಕಿತ್ಸೆ ಕೊಟ್ಟಾಗ ಈ ಮಾತನ್ನು ಎರಡು ಪಟ್ಟು ನೆನಪಿಡಬೇಕು.

ಸಮಸ್ಯೆ

ಟಿಬಿ ಮಾತ್ರೆ ತಿಂದರೆ ವಾಂತಿ ಬರುತ್ತದೆ ಅಂತ ರೋಗಿ ಕೆಲವು ತಿಂಗಳ ನಂತರ ತಾವೇ ನಿಲ್ಲಿಸಿಬಿಟ್ಟರು. ಎರಡು ಮೂರು ವಾರದಲ್ಲಿ ಜ್ವರ ಮರಳಿತು. ಈ ಸಲ ಅದರ ಜೊತೆ ಉಸಿರಾಟದ ತೊಂದರೆಯೂ ಬಂತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿ ಚಪ್ಪಟೆಯಾಗಿ ಮಲಗಲು ಆಗುತ್ತಿರಲಿಲ್ಲ, ಕಾಲು ಊದಿತ್ತು. ಆ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬಂದರು.

ಎದೆಗೆ ಸ್ಟೆತಾಸ್ಕೋಪ್ ಇಟ್ಟ ಪಿಜಿ ವೈದ್ಯೆಗೆ ರಕ್ತ ಹಿಂದಕ್ಕೆ ಸೋರುವ ಮರ್ಮರ್ ಸದ್ದು ಕೇಳಿಸಿತು. ಅದೇ ದಿನ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಆಯಿತು. ರೋಗಿಯ ಮಹಾಪಧಮನಿಯ ಕವಾಟಕ್ಕೆ ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು ಇದ್ದವು. ಇಷ್ಟು ವರ್ಷ ಅದು ಅವರಿಗೆ ಗೊತ್ತೇ ಇರಲಿಲ್ಲ. ಆ ಕವಾಟದ ಮೇಲೆ ಸುಮಾರು 14 ಮಿಲಿಮೀಟರ್ ಉದ್ದದ ಬೆಳವಣಿಗೆ ತೂಗಾಡುತ್ತಿತ್ತು. ಬ್ಯಾಕ್ಟೀರಿಯಾ, ಫೈಬ್ರಿನ್, ರಕ್ತಕಣಗಳು ಸೇರಿ ಕಟ್ಟಿಕೊಳ್ಳುವ ಇದನ್ನು ವೆಜಿಟೇಶನ್ ಅನ್ನುತ್ತಾರೆ. ಕವಾಟ ಬಹಳ ಸೋರುತ್ತಿತ್ತು. ಅನ್ನನಾಳದ ಮೂಲಕ ಮಾಡಿದ ಎಕೋದಲ್ಲಿ ಕವಾಟದ ಬುಡದಲ್ಲಿ ಕೀವು ಕಟ್ಟಿರುವುದೂ ಕಂಡಿತು.

ಅಂದರೆ ಇದು ಎಂಡೋಕಾರ್ಡೈಟಿಸ್, ಹೃದಯದ ಒಳಪದರ ಮತ್ತು ಕವಾಟದ ಸೋಂಕು. ಕವಾಟ ಹಾಳಾಗಿರುವುದು ಎಕೋದಲ್ಲಿ ಕಂಡಿತು. ಹಾಳು ಮಾಡಿದ್ದು ಯಾವ ಬ್ಯಾಕ್ಟೀರಿಯಾ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಔಷಧಿ ಆರಿಸುವುದು ಕಷ್ಟ. ಬಹುಪಾಲು ಪ್ರಕರಣಗಳಲ್ಲಿ ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್, ಎಂಟರೋಕಾಕಸ್ ಇರುತ್ತವೆ. ಅವುಗಳಿಗೆ ಕೊಡುವ ಔಷಧಿ ಉಳಿದ ಅಪರೂಪದವುಗಳಲ್ಲಿ ಹಲವಕ್ಕೆ ಸರಿಯಾಗಿ ನಾಟುವುದಿಲ್ಲ.

ಇಲ್ಲಿ ವಾರ್ಡಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ರೋಗಿಗೆ ಉಸಿರು ಸಿಗುತ್ತಿಲ್ಲ, ಎಲ್ಲರಿಗೂ ಅವಸರ. ಆದರೂ ಆ್ಯಂಟಿಬಯಾಟಿಕ್ ಏರಿಸುವ ಮೊದಲು ಬೇರೆ ಬೇರೆ ಜಾಗದಿಂದ ಮೂರು ಸೆಟ್ ರಕ್ತ ತೆಗೆದರು, ಪ್ರತಿ ಬಾಟಲಿಗೆ 8ರಿಂದ 10 ಮಿಲಿ. ಎರಡು ಮಿಲಿ ಹಾಕಿ ಕಳಿಸುವುದು ನಮ್ಮ ಕಡೆ ಸಾಮಾನ್ಯ. ಕವಾಟದ ಸೋಂಕಿನಲ್ಲಿ ಒಂದು ಮಿಲಿ ರಕ್ತದಲ್ಲಿ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಾ ಇರಬಹುದು. ರಕ್ತ ಕಡಿಮೆ ಹಾಕಿದರೆ ಸೋಂಕು ಇದ್ದೂ ಬಾಟಲಿ ನೆಗೆಟಿವ್ ಬರುತ್ತದೆ. ರೋಗಿ ತಾವೇ ಮಾತ್ರೆ ಬಿಟ್ಟಿದ್ದೂ ಇಲ್ಲಿ ಕಲ್ಚರ್‌ಗೆ ಅನುಕೂಲವಾಯಿತು. ರಿಫಾಂಪಿಸಿನ್ ಮೈಯಲ್ಲಿದ್ದಿದ್ದರೆ ಬಹುಶಃ ಏನೂ ಬೆಳೆಯುತ್ತಿರಲಿಲ್ಲ. ರಕ್ತ ತೆಗೆದ ಮೇಲೆ ಸೆಫ್ಟ್ರಿಯಾಕ್ಸೋನ್, ಜೆಂಟಾಮೈಸಿನ್ ಶುರು ಮಾಡಿದರು.

ಲ್ಯಾಬಿನಲ್ಲಿ ನಡೆದದ್ದು

ಮೊದಲ ಮೂರು ದಿನ ಬಾಟಲಿಗಳು ಸುಮ್ಮನಿದ್ದವು. ಸ್ಟ್ಯಾಫ್, ಸ್ಟ್ರೆಪ್ ಆಗಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಯಂತ್ರ ಸದ್ದು ಮಾಡುತ್ತದೆ. ನಾಲ್ಕನೇ ದಿನ ಒಂದು ಬಾಟಲಿ ಪಾಸಿಟಿವ್ ಅಂತ ತೋರಿಸಿತು. ಗ್ರಾಂ ಸ್ಟೇನ್ ಮಾಡಿ, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊದಲ ನೋಟಕ್ಕೆ ಏನೂ ಇಲ್ಲ. ಎರಡನೇ ಸಲ, ಬೆಳಕು ಹೊಂದಿಸಿಕೊಂಡು ನಿಧಾನವಾಗಿ ನೋಡಿದಾಗ ಹಿನ್ನೆಲೆಯಲ್ಲಿ ತೆಳು ಗುಲಾಬಿ ಬಣ್ಣದ, ತೀರಾ ಸಣ್ಣ ಚುಕ್ಕೆಗಳು ಕಂಡವು, ರಂಗೋಲಿ ಪುಡಿ ಉದುರಿದ ಹಾಗೆ. ಬಣ್ಣ ಇಷ್ಟು ಮಸುಕಾಗಿ ಹಿಡಿದಾಗ ಅದನ್ನು ಸ್ಟೇನಿನ ಕಸ ಅಂದುಕೊಂಡು ಬಿಡುವುದು ಸುಲಭ.

ವಾರ್ಡಿಗೆ ‘ಸಣ್ಣ ಗ್ರಾಂ ನೆಗೆಟಿವ್ ಕೊಕೊಬ್ಯಾಸಿಲೈ’ (ಗುಲಾಬಿ ಬಣ್ಣ ಹಿಡಿಯುವ, ಗುಂಡಗೂ ಉದ್ದಕ್ಕೂ ನಡುವಿನ ಆಕಾರದ ಬ್ಯಾಕ್ಟೀರಿಯಾ) ಅಂತ ಮೊದಲ ವರದಿ ಹೋಯಿತು. ಭಾರತದ ಆಸ್ಪತ್ರೆಗಳಲ್ಲಿ ಈ ಮಾತು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಅಸಿನೆಟೋಬ್ಯಾಕ್ಟರ್. ಐಸಿಯುಗಳಲ್ಲಿ ಅದರ ಕಾಟ ಅಷ್ಟಿದೆ. ಆದರೆ ಅಸಿನೆಟೋಬ್ಯಾಕ್ಟರ್ ರಾತ್ರಿ ಬೆಳಗಾಗುವುದರಲ್ಲಿ ಮೆಕಾಂಕಿ ಪ್ಲೇಟಿನ (ಕೆಲವು ಬಗೆಯ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಮಾತ್ರ ಬೆಳೆಯುವ ತಟ್ಟೆ) ಮೇಲೂ ಧಾರಾಳವಾಗಿ ಬೆಳೆಯುತ್ತದೆ. ನಮ್ಮ ಪ್ಲೇಟುಗಳು ಮಾರನೇ ದಿನ ಖಾಲಿ ಇದ್ದವು. ಎರಡು ದಿನ ಕಳೆದ ಮೇಲೆ ರಕ್ತದ ಅಗಾರ್ ಮತ್ತು ಚಾಕೊಲೇಟ್ ಅಗಾರ್ ಮೇಲೆ ಸೂಜಿಮೊನೆಯಷ್ಟು ಕಾಲೊನಿಗಳು ಎದ್ದವು. ಮೆಕಾಂಕಿ ಮೇಲೆ ಆಗಲೂ ಏನೂ ಇರಲಿಲ್ಲ. ಅಷ್ಟರಲ್ಲಿ ಎರಡನೇ ಸೆಟ್ಟಿನ ಬಾಟಲಿಯೂ ಪಾಸಿಟಿವ್ ಆಯಿತು.

ಕಾಲೊನಿಯನ್ನು ಮಾಲ್ಡಿ ಯಂತ್ರಕ್ಕೆ ಹಾಕಿದೆವು. ಅದು ಬ್ಯಾಕ್ಟೀರಿಯಾದ ಪ್ರೊಟೀನುಗಳ ತೂಕ ಅಳೆದು, ತನ್ನ ಸಂಗ್ರಹದಲ್ಲಿರುವ ನಮೂನೆಗಳ ಜೊತೆ ಹೋಲಿಸಿ ಹೆಸರು ಹೇಳುತ್ತದೆ. ನಿಮಿಷಗಳ ಕೆಲಸ. ‘ಓಕ್ರೋಬ್ಯಾಕ್ಟ್ರಮ್ ಆಂತ್ರೋಪಿ’ ಅಂತ ಬಂತು, ಅಂಕ 1.8. ಈ ಯಂತ್ರದಲ್ಲಿ 2ರ ಮೇಲಿದ್ದರೆ ಪ್ರಭೇದದ ಹೆಸರನ್ನು ನಂಬಬಹುದು, 1.7ರಿಂದ 2ರ ನಡುವೆ ಬಂದರೆ ಜಾತಿಯ ಮಟ್ಟಕ್ಕಷ್ಟೇ.

ಓಕ್ರೋಬ್ಯಾಕ್ಟ್ರಮ್ ಮಣ್ಣು, ನೀರಿನಲ್ಲಿರುವ ಜೀವಿ. ಆಸ್ಪತ್ರೆಯಲ್ಲಿ ಸಿಕ್ಕರೆ ಹೆಚ್ಚಾಗಿ ಕ್ಯಾತಿಟರ್‌ನಿಂದ ಬಂದದ್ದು ಅಥವಾ ಹೊರಗಿನಿಂದ ಸೇರಿದ ಕಲ್ಮಶ ಅಂತ ಭಾವಿಸುತ್ತಾರೆ. ವರದಿಯನ್ನು ಅಲ್ಲಿಗೇ ಮುಗಿಸಿ ಕಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ತಡೆದದ್ದು ನಮ್ಮ ಹಿರಿಯ ಟೆಕ್ನೀಷಿಯನ್. ಪ್ಲೇಟುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅವರು ಕೇಳಿದರು: “ಮೇಡಂ, ಮೆಕಾಂಕಿ ಇನ್ನೂ ಖಾಲಿ ಇದೆ. ಓಕ್ರೋಬ್ಯಾಕ್ಟ್ರಮ್ ಆಗಿದ್ರೆ ಮೊನ್ನೆನೇ ಬರಬೇಕಿತ್ತು ಅಲ್ವಾ?”

ಈ ಪ್ರಕರಣದ ದೊಡ್ಡ ತಿರುವು ಇದೇ. ಓಕ್ರೋಬ್ಯಾಕ್ಟ್ರಮ್ ಒಂದೇ ದಿನದಲ್ಲಿ ಬೆಳೆಯುತ್ತದೆ, ಮೆಕಾಂಕಿ ಮೇಲೂ ಬೆಳೆಯುತ್ತದೆ. ನಮ್ಮ ಮುಂದಿದ್ದದ್ದು ನಿಧಾನಿ. ಕಣ್ಣೆದುರಿನ ಪ್ಲೇಟಿಗೂ ಯಂತ್ರದ ಹೆಸರಿಗೂ ಹೊಂದಾಣಿಕೆ ಇರಲಿಲ್ಲ. ಓಕ್ರೋಬ್ಯಾಕ್ಟ್ರಮ್‌ಗೆ ತೀರಾ ಹತ್ತಿರದ ಸಂಬಂಧಿಯೊಂದಿದೆ. ಅದು ನಿಧಾನವಾಗಿ ಬೆಳೆಯುತ್ತದೆ, ಮಸುಕಾಗಿ ಬಣ್ಣ ಹಿಡಿಯುತ್ತದೆ, ಮೆಕಾಂಕಿ ಮೇಲೆ ಸಾಮಾನ್ಯವಾಗಿ ಏಳುವುದಿಲ್ಲ. ಹೆಸರು ಬ್ರುಸೆಲ್ಲಾ. ಹಲವು ಮಾಲ್ಡಿ ಯಂತ್ರಗಳ ಮಾಮೂಲಿ ಸಂಗ್ರಹದಲ್ಲಿ ಬ್ರುಸೆಲ್ಲಾ ಇರುವುದೇ ಇಲ್ಲ. ಜೈವಿಕ ಅಸ್ತ್ರವಾಗಿ ಬಳಕೆಯಾಗಬಹುದಾದ ಜೀವಿಗಳ ಪಟ್ಟಿಯಲ್ಲಿ ಅದು ಇರುವುದರಿಂದ ಅದರ ನಮೂನೆಗಳನ್ನು ಬೇರೆ ಸಂಗ್ರಹದಲ್ಲಿ ಇಟ್ಟಿರುತ್ತಾರೆ. ಸಂಗ್ರಹದಲ್ಲಿ ಇಲ್ಲದ ಹೆಸರನ್ನು ಯಂತ್ರ ಹೇಳಲಾರದು. ಹತ್ತಿರದ ನೆಂಟನ ಹೆಸರು ಹೇಳುತ್ತದೆ. ಹಳೆಯ ಬಯೋಕೆಮಿಕಲ್ ಕಿಟ್‌ಗಳಲ್ಲೂ ಇದೇ ಕಥೆ. ಅವು ಬ್ರುಸೆಲ್ಲಾವನ್ನು ಮೊರಾಕ್ಸೆಲ್ಲಾ ಅಂತ ಗುರುತಿಸಿದ ಉದಾಹರಣೆಗಳಿವೆ.

ಇದಕ್ಕೆ ಈಗ ಇನ್ನೊಂದು ಗೊಂದಲ ಸೇರಿದೆ. 2020ರಲ್ಲಿ ವರ್ಗೀಕರಣ ಮಾಡುವ ವಿಜ್ಞಾನಿಗಳು ಜೀನೋಮ್ ಹೋಲಿಕೆಯ ಆಧಾರದ ಮೇಲೆ ಓಕ್ರೋಬ್ಯಾಕ್ಟ್ರಮ್ ಅನ್ನೂ ಬ್ರುಸೆಲ್ಲಾ ಜಾತಿಯೊಳಗೇ ಸೇರಿಸಿದರು. ಬ್ರುಸೆಲ್ಲಾ ಕ್ಷೇತ್ರದ ಅನೇಕ ತಜ್ಞರು ಇದನ್ನು ವಿರೋಧಿಸಿದ್ದಾರೆ. ನನಗೂ ಅವರ ವಾದವೇ ಸರಿ ಅನ್ನಿಸುತ್ತದೆ. ಮಣ್ಣಿನ ಸಾಧು ಜೀವಿಯೂ ಲ್ಯಾಬ್ ಸಿಬ್ಬಂದಿಗೆ ಅಪಾಯ ತರುವ ಜೀವಿಯೂ ವರದಿಯಲ್ಲಿ ಒಂದೇ ಮೊದಲ ಹೆಸರಿನಲ್ಲಿ ಬಂದರೆ, ವಾರ್ಡಿನಲ್ಲಿ ಕೂತ ವೈದ್ಯರು ಏನಂತ ಅರ್ಥ ಮಾಡಿಕೊಳ್ಳಬೇಕು? ‘ಬ್ರುಸೆಲ್ಲಾ ಆಂತ್ರೋಪಿ’ ಅಂತ ವರದಿ ನೋಡಿದವರು ಲ್ಯಾಬಿಗೆ ಒಂದು ಫೋನ್ ಮಾಡಿ, ಅದು ಹಳೆಯ ಓಕ್ರೋಬ್ಯಾಕ್ಟ್ರಮ್ಮೋ ಅಲ್ಲವೋ ಕೇಳಿಕೊಳ್ಳಿ.

ಅನುಮಾನ ಬಂದ ಕೂಡಲೇ ತೆರೆದ ಟೇಬಲ್ ಮೇಲಿನ ಕೆಲಸ ನಿಲ್ಲಿಸಿದೆವು. ಪ್ಲೇಟುಗಳಿಗೆ ಟೇಪ್ ಸುತ್ತಿ ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ ಇಟ್ಟೆವು. ಲ್ಯಾಬಿನಲ್ಲಿ ಕೆಲಸ ಮಾಡುತ್ತಲೇ ತಗಲುವ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಬ್ರುಸೆಲ್ಲಾ ಮುಂಚೂಣಿಯಲ್ಲಿದೆ. ಗಾಳಿಯಲ್ಲಿ ತೇಲಿದ ಸಣ್ಣ ಹನಿ ಉಸಿರಿನಲ್ಲಿ ಒಳಹೋದರೆ ಸಾಕು. 2019ರಲ್ಲಿ ಚೀನಾದ ಲಾಂಜೌ ನಗರದಲ್ಲಿ ಪಶು ಲಸಿಕೆ ತಯಾರಿಸುವ ಘಟಕವೊಂದರ ಹೊಗೆ ಗಾಳಿಯಲ್ಲಿ ಇದು ಹೊರಬಂದು ಸಾವಿರಾರು ಜನರಿಗೆ ಸೋಂಕಾಯಿತು. ಪ್ಲೇಟಿನ ಮುಚ್ಚಳ ತೆಗೆದು ಮೂಸುವ ಹಳೆಯ ಅಭ್ಯಾಸ ಇನ್ನೂ ಕೆಲವು ಲ್ಯಾಬುಗಳಲ್ಲಿದೆ. ದಯವಿಟ್ಟು ಬಿಡಿ.

ಕ್ಯಾಬಿನೆಟ್ ಒಳಗೆ ಎರಡು ಸರಳ ಪರೀಕ್ಷೆ ಮಾಡಿದೆವು. ಆಕ್ಸಿಡೇಸ್ ಪಾಸಿಟಿವ್. ಯೂರಿಯೇಸ್ ಟ್ಯೂಬು ಬೇಗನೆ ಗುಲಾಬಿಗೆ ತಿರುಗಿತು. ಮಸುಕಾದ ಸಣ್ಣ ಕೊಕೊಬ್ಯಾಸಿಲಸ್, ನಿಧಾನ ಬೆಳವಣಿಗೆ, ಮೆಕಾಂಕಿ ಖಾಲಿ, ಯೂರಿಯೇಸ್ ಬೇಗ ಪಾಸಿಟಿವ್. ಇಷ್ಟು ಒಟ್ಟಿಗೆ ಸಿಕ್ಕರೆ ಯಾವ ಸಣ್ಣ ಲ್ಯಾಬಿನಲ್ಲೂ ಕೆಲಸ ನಿಲ್ಲಿಸಿ ಯೋಚಿಸಬಹುದು. ಇದಕ್ಕೆ ದುಬಾರಿ ಯಂತ್ರವೇನೂ ಬೇಡ.

ಒಂದು ಫೋನ್ ಕರೆ

ನಾನು ಲ್ಯಾಬಿನಿಂದ ವಾರ್ಡಿಗೆ ಫೋನ್ ಮಾಡಿ, ರೋಗಿ ದನ, ಕುರಿ, ಮೇಕೆ ಸಾಕುತ್ತಾರಾ ಅಂತ ಕೇಳಿದೆ. ಕೇಸ್‌ಶೀಟಿನಲ್ಲಿ ‘ಕೂಲಿ ಕೆಲಸ, ಸಾಕುಪ್ರಾಣಿ ಇಲ್ಲ’ ಅಂತ ಬರೆದಿತ್ತು. ಅದು ಸುಳ್ಳಲ್ಲ. ಅವತ್ತಿನ ಮಟ್ಟಿಗೆ ನಿಜವೇ. ಪಿಜಿ ವೈದ್ಯೆ ಅಷ್ಟಕ್ಕೇ ಬಿಡಲಿಲ್ಲ. ರೋಗಿಯ ಹೆಂಡತಿಯ ಪಕ್ಕ ಕೂತು, ಈಗಿನದಲ್ಲ, ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ ಅಂತ ವಿಚಾರಿಸಿದರು.

“ಕುರಿ ಇದ್ವು ಮೇಡಮ್ಮಾರೆ, ನಲವತ್ತು ತಲೆ. ಹೋದ ವರ್ಷದ ಹಿಂದಿನ ವರ್ಷ ಒಂದರ ಹಿಂದೆ ಒಂದು ಕಂದು ಹಾಕಿದ್ವು. ಸತ್ತೆ ಬೀಳದೇ ಹೋದ್ರೆ ಇವ್ರೇ ಕೈ ಹಾಕಿ ತೆಗೀತಿದ್ರು. ಸಾಕಾಗಿ ಎಲ್ಲಾ ಮಾರಿಬಿಟ್ವಿ.”

ಕಂದು ಹಾಕುವುದು ಅಂದರೆ ದಿನ ತುಂಬುವ ಮುಂಚೆ ಗರ್ಭ ಬೀಳುವುದು, ಸತ್ತೆ ಅಂದರೆ ಮಾಸು. ಮೇಕೆಗಳೂ ಇದ್ದವು. ಕರೆದ ನೊರೆಹಾಲನ್ನು ಹಾಗೇ ಕುಡಿಯುವ ಅಭ್ಯಾಸ ಮನೆಯಲ್ಲಿತ್ತು. ಕಂದು ಹಾಕಿದ ಕುರಿಯ ಸತ್ತೆ, ನೀರು, ಸತ್ತ ಮರಿಗಳಲ್ಲಿ ಬ್ರುಸೆಲ್ಲಾ ಕೋಟಿಗಟ್ಟಲೆ ಇರುತ್ತದೆ. ಬರಿಗೈಯಲ್ಲಿ ಮುಟ್ಟಿದಾಗ ಚರ್ಮದ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಹಾಲು ಇನ್ನೊಂದು ದಾರಿ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದರು. ಅದು ಜನರಿಗೆ ಎಲ್ಲಿಂದ ಬರುತ್ತಿದೆ ಅನ್ನುವುದು ಮಾತ್ರ 1905ರವರೆಗೂ ಗೊತ್ತಾಗಲಿಲ್ಲ. ಆ ವರ್ಷ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್ ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತದಲ್ಲೇ ಅದನ್ನು ತೋರಿಸಿದರು. ಸೈನಿಕರು ಕುಡಿಯುತ್ತಿದ್ದದ್ದು ಆ ಮೇಕೆಗಳ ಹಾಲನ್ನು.

ಎಂಟು ತಿಂಗಳ ಜ್ವರ, ರಾತ್ರಿ ಬೆವರು, ಸೊಂಟದ ಮೂಳೆ, ಟಿಬಿ ಮಾತ್ರೆಗೆ ಬಂದ ಅರ್ಧ ಗುಣ ಎಲ್ಲವೂ ಈಗ ಒಂದೇ ಕಥೆಯಾಗಿ ಕೂಡಿಕೊಂಡವು. ಬ್ರುಸೆಲ್ಲಾ ಸೊಂಟದ ಮೂಳೆಗಳಿಗೆ ಇಳಿಯುವುದು ಸಾಮಾನ್ಯ. ಎಂಆರ್‌ಐಯಲ್ಲಿ ಅದು ಕ್ಷಯದ ಹಾಗೆಯೇ ಕಾಣಬಲ್ಲದು. ಹೃದಯಕ್ಕೆ ಇಳಿಯುವುದು ಅಪರೂಪ, ನೂರರಲ್ಲಿ ಎರಡಕ್ಕಿಂತ ಕಡಿಮೆ. ಆದರೆ ಈ ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಕವಾಟದ ಸೋಂಕಿನಿಂದಲೇ. ಅದು ಹೆಚ್ಚಾಗಿ ಹಿಡಿಯುವುದು ಮಹಾಪಧಮನಿಯ ಕವಾಟವನ್ನು. ಈ ರೋಗಿಯಲ್ಲೂ ಹಾಗೇ ಆಗಿತ್ತು.

ಖಚಿತಪಡಿಸಿಕೊಳ್ಳುವುದು

ರಕ್ತದ ಸೀರಂ ಪರೀಕ್ಷೆಯಲ್ಲಿ ಒಂದು ಎಡವಟ್ಟು ಎದುರಾಯಿತು. ಬ್ರುಸೆಲ್ಲಾ ಆ್ಯಂಟಿಬಾಡಿ ಹುಡುಕುವ ರೋಸ್ ಬೆಂಗಾಲ್ ಪರೀಕ್ಷೆ ಪಾಸಿಟಿವ್. ಸೀರಂ ಅನ್ನು ಹಂತಹಂತವಾಗಿ ತೆಳು ಮಾಡಿ (ಡೈಲ್ಯೂಶನ್) ಗಂಟು ಕಟ್ಟುತ್ತದಾ ಅಂತ ನೋಡುವ ಟ್ಯೂಬ್ ಅಗ್ಲುಟಿನೇಶನ್ ಮಾತ್ರ ಹೊರಗಿನ ಲ್ಯಾಬಿನಿಂದ ನೆಗೆಟಿವ್ ಅಂತ ಬಂತು. ವಿಚಾರಿಸಿದಾಗ ಅಲ್ಲಿ ಕಡಿಮೆ ಡೈಲ್ಯೂಶನ್‌ಗಳನ್ನಷ್ಟೇ ನೋಡಿದ್ದರು ಅಂತ ತಿಳಿಯಿತು. ಆ್ಯಂಟಿಬಾಡಿ ವಿಪರೀತ ಇದ್ದಾಗ ಕಡಿಮೆ ಡೈಲ್ಯೂಶನ್‌ನಲ್ಲಿ ಗಂಟು ಕಟ್ಟುವುದೇ ಇಲ್ಲ. ಇದಕ್ಕೆ ಪ್ರೋಜೋನ್ ಅನ್ನುತ್ತಾರೆ. ಅದೇ ಸೀರಂ ಅನ್ನು ಇನ್ನಷ್ಟು ತೆಳು ಮಾಡಿ ನೋಡಿದರೆ 1:1280ರವರೆಗೂ ಪಾಸಿಟಿವ್. ಸಾಮಾನ್ಯವಾಗಿ 1:160 ಬಂದರೇ ರೋಗ ಇರಬಹುದು ಅಂತ ಪರಿಗಣಿಸುತ್ತಾರೆ. ರೋಗಲಕ್ಷಣ ಬಲವಾಗಿದ್ದು ರಿಪೋರ್ಟು ನೆಗೆಟಿವ್ ಬಂದರೆ, ಎಷ್ಟು ಡೈಲ್ಯೂಶನ್‌ವರೆಗೆ ಹೋಗಿದ್ದೀರಿ ಅಂತ ಕೇಳುವುದು ತಪ್ಪಲ್ಲ.

ಬ್ಯಾಕ್ಟೀರಿಯಾವನ್ನು ರೆಫರೆನ್ಸ್ ಲ್ಯಾಬಿಗೆ ಕಳಿಸಿದೆವು. ಬ್ರುಸೆಲ್ಲಾದ ಕಲ್ಚರ್ ಸಾಗಿಸುವುದಕ್ಕೆ ಎ ವರ್ಗದ ಮೂರು ಪದರದ ಪ್ಯಾಕಿಂಗ್ ಬೇಕು, ಸಾಧಾರಣ ಕೊರಿಯರ್ ಡಬ್ಬಿಯಲ್ಲಿ ಹಾಕುವ ಹಾಗಿಲ್ಲ. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್ ಓದಿದರೆ ಓಕ್ರೋಬ್ಯಾಕ್ಟ್ರಮ್ಮೂ ಬ್ರುಸೆಲ್ಲಾವೂ ಬಹುತೇಕ ಒಂದೇ ಥರ ಕಾಣುತ್ತವೆ. ಹಾಗಾಗಿ ಬ್ರುಸೆಲ್ಲಾದಲ್ಲಿರುವ ಐಎಸ್711 ಎಂಬ ಡಿಎನ್ಎ ತುಣುಕನ್ನು ಹುಡುಕುವ ಪಿಸಿಆರ್ ಮಾಡಿಸಿದೆವು. ಉತ್ತರ ಬಂತು: ಬ್ರುಸೆಲ್ಲಾ ಮೆಲಿಟೆನ್ಸಿಸ್. ಕುರಿ ಮೇಕೆಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ಇದು ಬ್ರುಸೆಲ್ಲಾ ಆಗಿರದಿದ್ದರೆ? ಬಾಟಲಿಗಳು ಖಾಲಿಯೇ ಉಳಿದಿದ್ದರೆ ನಮ್ಮ ಮುಂದಿನ ಹೆಜ್ಜೆ ಕಾಕ್ಸಿಯೆಲ್ಲಾ ಮತ್ತು ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳ ಸೀರಂ ಪರೀಕ್ಷೆ ಆಗಿರುತ್ತಿತ್ತು. ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ಕೂಡ ಕಂದು ಹಾಕುವ ಕುರಿಗಳಿಂದಲೇ ಬರುತ್ತದೆ, ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ಗ್ರಾಂ ಸ್ಟೇನಿನಲ್ಲಿ ಸ್ಟ್ರೆಪ್ಟೋಕಾಕಸ್ ಕಂಡು ಪ್ಲೇಟಿನಲ್ಲಿ ಏನೂ ಏಳದಿದ್ದರೆ ಎಬಯೋಟ್ರೋಫಿಯಾ, ಗ್ರಾನುಲಿಕಾಟೆಲ್ಲಾಗಳನ್ನು ನೆನೆಯಬೇಕು. ಅವುಗಳಿಗೆ ಪಿರಿಡಾಕ್ಸಾಲ್ (ವಿಟಮಿನ್ ಬಿ6ರ ಒಂದು ರೂಪ) ಬೇಕು. ಪ್ಲೇಟಿನ ಮೇಲೆ ಸ್ಟ್ಯಾಫಿಲೋಕಾಕಸ್‌ನ ಒಂದು ಗೆರೆ ಎಳೆದರೆ ಅದರ ಅಕ್ಕಪಕ್ಕದಲ್ಲಷ್ಟೇ ಬೆಳೆಯುತ್ತವೆ. ಯಾವ ಹೆಸರನ್ನು ಮೊದಲು ಹುಡುಕಬೇಕು ಅನ್ನುವುದನ್ನು ರೋಗಿಯ ಬದುಕೇ ತೋರಿಸುತ್ತದೆ. ಬಯಲುಸೀಮೆಯ ಕುರಿಗಾರರಲ್ಲಿ ಬ್ರುಸೆಲ್ಲಾ, ಕಾಕ್ಸಿಯೆಲ್ಲಾಗಳನ್ನು ‘ಅಪರೂಪ’ದ ಪಟ್ಟಿಯ ಕೊನೆಗೆ ಹಾಕುವುದು ಸರಿಯಲ್ಲ.

ಚಿಕಿತ್ಸೆಯ ತೀರ್ಮಾನಗಳು

ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿದರು. ಬ್ರುಸೆಲ್ಲಾ ನಮ್ಮ ಜೀವಕೋಶಗಳ ಒಳಗೆ ಅಡಗಿ ಕೂರುತ್ತದೆ, ಆದ್ದರಿಂದ ಒಳಗೆ ಹೋಗಬಲ್ಲ ಔಷಧಿಗಳು ಬೇಕು. ಒಂದೇ ಔಷಧಿ ಸಾಕಾಗದು, ತಿಂಗಳುಗಟ್ಟಲೆ ಬೇಕು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಕೋಟ್ರಿಮಾಕ್ಸಜೋಲ್ ಕೊಟ್ಟು, ಮೊದಲ ಕೆಲವು ವಾರ ಕಿಡ್ನಿ ನೋಡಿಕೊಂಡು ಜೆಂಟಾಮೈಸಿನ್ ಮುಂದುವರಿಸಿದರು. ಟಿಬಿ ಮಾತ್ರೆಗಳಲ್ಲಿ ಇದಕ್ಕೆ ನಾಟುತ್ತಿದ್ದದ್ದು ರಿಫಾಂಪಿಸಿನ್ ಒಂದೇ. ಒಂಟಿಯಾಗಿ ಅಷ್ಟು ಕಾಲ ಕೊಟ್ಟಾಗ ಬ್ಯಾಕ್ಟೀರಿಯಾ ಅದಕ್ಕೆ ಪಳಗಿರಬಹುದು ಅನ್ನುವ ಭಯ ಇತ್ತು. ಮೂರನೇ ಮಾತ್ರೆ ಸೇರಿಸಿದ್ದಕ್ಕೆ ಅದೂ ಒಂದು ಕಾರಣ.

ಔಷಧಿ ಒಂದರಿಂದಲೇ ಆಗುವ ಕೆಲಸ ಇದಾಗಿರಲಿಲ್ಲ. ಹೃದಯ ಸೋಲುತ್ತಿತ್ತು, ಬುಡದಲ್ಲಿ ಕೀವಿತ್ತು, ವೆಜಿಟೇಶನ್ 10 ಮಿಲಿಮೀಟರ್ ದಾಟಿತ್ತು. ಚೂರು ಕಳಚಿ ಮೆದುಳಿಗೆ ಹೋಗುವ ಅಪಾಯ ಇತ್ತು. ಹೃದಯ ಶಸ್ತ್ರಚಿಕಿತ್ಸಕರು ಕಾಯಲು ಒಪ್ಪಲಿಲ್ಲ, ಅದು ಸರಿಯಾದ ನಿಲುವೇ ಆಗಿತ್ತು.

ಚರ್ಚೆ ನಡೆದದ್ದು ಯಾವ ಕವಾಟ ಹಾಕಬೇಕು ಅನ್ನುವುದರ ಮೇಲೆ. ಈ ವಯಸ್ಸಿಗೆ ಸಾಮಾನ್ಯವಾಗಿ ಲೋಹದ ಕವಾಟ ಹಾಕುತ್ತಾರೆ, ಅದು ಬಾಳಿಕೆ ಬರುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅನ್ನು ಜೀವನಪೂರ್ತಿ ನುಂಗಬೇಕು. ರಿಫಾಂಪಿಸಿನ್ ವಾರ್ಫರಿನ್‌ನ ಶಕ್ತಿಯನ್ನು ಬಹಳ ತಗ್ಗಿಸುತ್ತದೆ, ಡೋಸ್ ಎಷ್ಟೋ ಪಟ್ಟು ಏರಿಸಬೇಕಾಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಅದೇ ಡೋಸ್ ರಕ್ತಸ್ರಾವ ತರುತ್ತದೆ. ರಕ್ತ ಹೆಪ್ಪುಗಟ್ಟುವ ವೇಗ ತಿಳಿಯಲು ಪದೇಪದೇ ಐಎನ್‌ಆರ್ ನೋಡುತ್ತಿರಬೇಕು. ಐಎನ್‌ಆರ್ ಮಾಡುವ ಲ್ಯಾಬು ಅವರ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಹೋಗುವಷ್ಟು ದೂರ. ಇದನ್ನೆಲ್ಲ ರೋಗಿಗೂ ಹೆಂಡತಿಗೂ ಬಿಡಿಸಿ ಹೇಳಿದರು. ಮುಂದೊಂದು ದಿನ ಮತ್ತೆ ಆಪರೇಷನ್ ಬೇಕಾಗಬಹುದು ಅಂತ ಗೊತ್ತಿದ್ದೂ ಅವರು ಅಂಗಾಂಶದ ಕವಾಟವನ್ನೇ ಆರಿಸಿದರು. ಬ್ಯಾಕ್ಟೀರಿಯಾದ ಹೆಸರು ಆಪರೇಷನ್‌ಗೆ ಮುಂಚೆಯೇ ಗೊತ್ತಿದ್ದರಿಂದ ಈ ಮಾತುಕತೆ ಸಾಧ್ಯವಾಯಿತು. ನಂತರ ಗೊತ್ತಾಗಿದ್ದರೆ ಆಯ್ಕೆಯೇ ಇರುತ್ತಿರಲಿಲ್ಲ.

ತೆಗೆದ ಕವಾಟವನ್ನು ಎರಡು ಡಬ್ಬಿಗೆ ಹಾಕಿಸಿದೆವು. ಒಂದು ತುಂಡು ಫಾರ್ಮಲಿನ್‌ಗೆ, ಪೆಥಾಲಜಿಗಾಗಿ. ಇನ್ನೊಂದು ಸ್ಟೆರೈಲ್ ಸಲೈನ್‌ನಲ್ಲಿ, ನಮಗಾಗಿ. ಪೂರ್ತಿ ಕವಾಟವನ್ನು ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್ ಸಾಧ್ಯವಿಲ್ಲ, ಪಿಸಿಆರ್ ಕೂಡ ಕೆಡುತ್ತದೆ. ಆಪರೇಷನ್ ಥಿಯೇಟರಿಗೆ ಮೊದಲೇ ಹೇಳಿಟ್ಟರೆ ಮಾತ್ರ ಇದು ಆಗುತ್ತದೆ. ಅಲ್ಲಿನವರಿಗೂ ಪೆಥಾಲಜಿಯವರಿಗೂ ಬ್ರುಸೆಲ್ಲಾ ಅನುಮಾನ ಇದೆ ಅಂತ ತಿಳಿಸಿ, ಎನ್95 ಮಾಸ್ಕ್ ಹಾಕಿಕೊಳ್ಳಲು ಹೇಳಿದೆವು. ಕವಾಟದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಔಷಧಿ ಆಗಲೇ ನಡೆದಿತ್ತಲ್ಲ. ಪಿಸಿಆರ್ ಪಾಸಿಟಿವ್ ಬಂತು.

ಲ್ಯಾಬಿನವರು, ಮನೆಯವರು

ಪ್ಲೇಟನ್ನು ತೆರೆದ ಟೇಬಲ್ ಮೇಲೆ ಮುಟ್ಟಿದವರು, ಆಗ ಐದು ಅಡಿಯೊಳಗೆ ಇದ್ದವರು ಎಲ್ಲರ ಪಟ್ಟಿ ಮಾಡಿದೆವು. ಅವರಿಗೆ ಮೂರು ವಾರ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಕೊಟ್ಟೆವು. ಶುರುವಿನಲ್ಲಿ, ಆಮೇಲೆ 6, 12, 18, 24ನೇ ವಾರಗಳಲ್ಲಿ ರಕ್ತ ಪರೀಕ್ಷೆ. ಯಾರಿಗೂ ಸೋಂಕು ಆಗಲಿಲ್ಲ. ಬಸುರಿಯಾಗಿದ್ದ ಒಬ್ಬ ಟ್ರೈನಿ ಅವತ್ತು ರಜೆಯಲ್ಲಿದ್ದರು. ಬಸುರಿಯರಿಗೆ ಬ್ರುಸೆಲ್ಲಾ ತಗಲಿದರೆ ಗರ್ಭಪಾತದ ಅಪಾಯ ಇದೆ, ಡಾಕ್ಸಿಸೈಕ್ಲಿನ್ ಕೊಡುವ ಹಾಗೂ ಇಲ್ಲ. ಅವರು ಬೆಂಚಿನಲ್ಲಿ ಇದ್ದಿದ್ದರೆ ನಮ್ಮ ಪರಿಸ್ಥಿತಿ ಬೇರೆಯೇ ಆಗಿರುತ್ತಿತ್ತು.

ರೋಗಿಯ ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿದೆವು. ಕುರಿ ಕಾಯಲು ಹೋಗುತ್ತಿದ್ದ ಮಗನಿಗೂ ಆಗಾಗ ಮಂಡಿ ನೋವು, ಸಣ್ಣ ಜ್ವರ ಇತ್ತು, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಅವನ ಟೈಟರ್ (ಆ್ಯಂಟಿಬಾಡಿ ಮಟ್ಟ) ಕೂಡ ಏರಿತ್ತು. ಎಕೋ ಚೆನ್ನಾಗಿತ್ತು. ಆರು ವಾರದ ಮಾತ್ರೆಯಲ್ಲಿ ಗುಣವಾದ.

ಮಾರಿದ ಕುರಿಗಳ ವಿಷಯ ಮಾತ್ರ ನಮ್ಮ ಕೈ ಮೀರಿದ್ದು. ಅವು ಸಂತೆಗೆ ಹೋಗಿ ಬೇರೆ ಬೇರೆ ಮಂದೆ ಸೇರಿದ್ದವು. ಪಶುವೈದ್ಯ ಇಲಾಖೆಗೆ ತಿಳಿಸಿದೆವು, ಅವರು ಆ ಊರಿನ ಉಳಿದ ಮಂದೆಗಳ ರಕ್ತ ತೆಗೆದರು. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದು ರೋಗಕ್ಕೆ (ಬ್ರುಸೆಲ್ಲಾದಿಂದ ಬರುವ ಇದೇ ರೋಗ) ಲಸಿಕೆ ಕೊಡುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ದನ ಮತ್ತು ಎಮ್ಮೆಯವಕ್ಕೆ. ಕುರಿ ಮೇಕೆಗಳು ಅದರಲ್ಲಿಲ್ಲ. ಮನುಷ್ಯರಿಗೆ ಹೆಚ್ಚು ಕಾಡುವ ಮೆಲಿಟೆನ್ಸಿಸ್ ಮುಖ್ಯವಾಗಿ ಇರುವುದು ಕುರಿ ಮೇಕೆಗಳಲ್ಲೇ. ಕುರಿ ಸಾಕಣೆ ಇಷ್ಟು ದೊಡ್ಡದಾಗಿರುವ ರಾಜ್ಯದಲ್ಲಿ ಇದು ಗಂಭೀರ ಕೊರತೆ. ಈ ಬಗ್ಗೆ ವೈದ್ಯರೂ ಪಶುವೈದ್ಯರೂ ಒಟ್ಟಿಗೆ ದನಿ ಎತ್ತಬೇಕು.

ನಮ್ಮಲ್ಲಿ ಬದಲಾದದ್ದು

ನಮ್ಮ ಬ್ಲಡ್ ಕಲ್ಚರ್ ಫಾರಂನಲ್ಲಿ ಈಗ ಎರಡು ಪ್ರಶ್ನೆ ಸೇರಿವೆ. ಕಳೆದ ಐದು ವರ್ಷದಲ್ಲಿ ದನ, ಕುರಿ, ಮೇಕೆ ಸಾಕಿದ್ದೀರಾ, ಅವು ಕಂದು ಹಾಕಿದ್ದವಾ? ಹಸಿ ಹಾಲು ಕುಡಿಯುತ್ತೀರಾ? ಕಸಾಯಿಖಾನೆ ಅಥವಾ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರೆ ಅದನ್ನೂ ಬರೆಯಲು ಜಾಗ ಇದೆ. ಮೂರು ದಿನ ಕಳೆದ ಮೇಲೆ ಪಾಸಿಟಿವ್ ಆಗುವ ಬಾಟಲಿಯಲ್ಲಿ ಸಣ್ಣ ಕೊಕೊಬ್ಯಾಸಿಲಸ್ ಕಂಡರೆ ಅದು ನೇರ ಕ್ಯಾಬಿನೆಟ್ಟಿಗೆ ಹೋಗುತ್ತದೆ, ಹೆಸರು ಗೊತ್ತಾಗುವವರೆಗೆ ಹೊರಗೆ ಬರುವುದಿಲ್ಲ. ಓಕ್ರೋಬ್ಯಾಕ್ಟ್ರಮ್ ಅಂತ ಯಂತ್ರ ಹೇಳಿದರೆ ಮೆಕಾಂಕಿ ಪ್ಲೇಟು ಮತ್ತು ಯೂರಿಯೇಸ್ ನೋಡದೆ ವರದಿಗೆ ಸಹಿ ಹಾಕುವುದಿಲ್ಲ. ಯಂತ್ರವನ್ನು ದೂರಿ ಫಲವಿಲ್ಲ. ಕಡಿಮೆ ಅಂಕ ಕೊಟ್ಟು ಅದು ತನ್ನ ಅನುಮಾನವನ್ನು ಹೇಳಿಯೇ ಇತ್ತು. ಆ ಅಂಕವನ್ನು ಓದುವುದು, ಪ್ಲೇಟಿನ ಜೊತೆ ತಾಳೆ ನೋಡುವುದು ನಮ್ಮ ಕೆಲಸ. ಮತ್ತೆ ಕಿರಿಯರು, ಹಿರಿಯರು ಅನ್ನದೆ ಬೆಂಚಿನಲ್ಲಿ ಕೂತ ಯಾರು ಬೇಕಾದರೂ ‘ಇದು ಹೊಂದುತ್ತಿಲ್ಲ’ ಅನ್ನಬಹುದಾದ ವಾತಾವರಣ ಲ್ಯಾಬಿನಲ್ಲಿ ಇರಬೇಕು. ಈ ರೋಗಿ ಬದುಕಿದ್ದು ಅಂಥ ಒಂದು ಮಾತಿನಿಂದ.

ರೋಗಿ ಆರು ತಿಂಗಳು ಮಾತ್ರೆ ಮುಗಿಸಿದರು. ಟೈಟರ್ ಹಂತಹಂತವಾಗಿ ಇಳಿಯಿತು, 1:60ಕ್ಕಿಂತ ಕೆಳಗೆ ಬಂದ ಮೇಲೆ ಔಷಧಿ ನಿಲ್ಲಿಸಿದರು. ಹೊಸ ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದೆ, ಸೊಂಟ ನೋವು ಬಹುಪಾಲು ಹೋಗಿದೆ. ರೋಗ ಮರುಕಳಿಸಬಹುದು ಅನ್ನುವ ಕಾರಣಕ್ಕೆ ತಪಾಸಣೆ ಇನ್ನೂ ಮುಂದುವರಿದಿದೆ. ಹೋದ ಸಲ ಬಂದಾಗ ಮತ್ತೆ ಕುರಿ ಕಟ್ಟಬಹುದಾ ಅಂತ ಕೇಳಿದರು. ಊರಿನ ಪಶುವೈದ್ಯರನ್ನು ಫೋನಿನಲ್ಲಿ ಹಿಡಿದು ಅವರಿಂದಲೇ ಹೇಳಿಸಿದೆವು: ರಕ್ತ ಪರೀಕ್ಷೆ ಆದ ಕುರಿಗಳನ್ನೇ ತನ್ನಿ, ಬೇರೆ ಮಂದೆ ಜೊತೆ ಬಿಡುವ ಮುಂಚೆ ಒಂದು ತಿಂಗಳು ಬೇರೆ ಕಟ್ಟಿ. ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಸತ್ತೆ ಮತ್ತು ಮರಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿ ಎಳೆಯದ ಹಾಗೆ ನೋಡಿಕೊಳ್ಳಿ, ನನಗೆ ಫೋನ್ ಮಾಡಿ. ಹಾಲು ಕುದಿಸಿಯೇ ಕುಡಿಯಿರಿ. ಹೆಂಡತಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಗ್ಲೌಸ್ ಎಲ್ಲಿ ಸಿಗುತ್ತವೆ ಅಂತ ವಿಚಾರಿಸಿದರು. ಪಶು ಆಸ್ಪತ್ರೆಗೇ ಬನ್ನಿ, ಕೊಡುತ್ತೇನೆ ಅಂದರು ಪಶುವೈದ್ಯರು.